ಮೈಕ್ರೋಮೀಟರ್ ಬೀರುವಿನಲ್ಲಿತ್ತು

(ಗುರುತು ಸಿಗಬಾರದೆಂದು ಊರು ಮತ್ತು ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 20 ವರ್ಷ. ಕೊಪ್ಪಳದ ಕಡೆಯವನು. ಐಟಿಐನಲ್ಲಿ ಎರಡು ವರ್ಷದ ಟರ್ನರ್ (ಲೇತ್ ಕೆಲಸದ) ಟ್ರೇಡ್ ಮುಗಿಸಿ, ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್ ಸೇರಿದ್ದ. ಮೂರು ತಿಂಗಳು ತುಂಬುವ ಮೊದಲೇ ಹೇಳದೆ ಕೇಳದೆ ಬಿಟ್ಟ. ಆಮೇಲೆ ರೂಮಿನಿಂದ ಹೊರಗೆ ಬರುವುದೇ ಕಡಿಮೆಯಾಯಿತು. ಸಮಾಲೋಚನೆಗೆಂದು ನನ್ನ ಹತ್ತಿರ ಕರೆತಂದವರು ಅವನ ಸೋದರಮಾವ. ಕೆಲಸ ಕೊಡಿಸಿದವರೂ ಅವರೇ.

"ಮಾಲೀಕರ ಮುಂದೆ ನನ್ನ ಮರ್ಯಾದೆ ಹೋಯ್ತು ಮೇಡಂ. ಇವನಿಗೆ ಕಾನ್ಫಿಡೆನ್ಸೇ ಇಲ್ಲ. ಪರ್ಸನಾಲಿಟಿ ಡೆವಲಪ್‌ಮೆಂಟ್ ಕೋರ್ಸ್ ಒಂದಿದೆಯಂತೆ, 18 ಸಾವಿರ. ಸೇರಿಸ್ಲಾ?"

ಸ್ವಲ್ಪ ತಡೆಯಿರಿ ಎಂದು ಅವರನ್ನು ಹೊರಗೆ ಕೂರಿಸಿದೆ. ಹುಡುಗನಿಗೆ ಮೊದಲು ನಿದ್ದೆ, ಊಟದ ಬಗ್ಗೆ ಕೇಳಿದೆ. ಸಾಯುವ ಯೋಚನೆ ಬಂದಿತ್ತಾ ಎಂದೂ ನೇರವಾಗಿಯೇ ಕೇಳಿದೆ. ಬಂದಿರಲಿಲ್ಲ. ಆದರೆ ನಾಚಿಕೆ ತುಂಬಾ ಇತ್ತು.

ಶಾಪಿನಲ್ಲಿ ಅವನಿಗೆ ಕೊಟ್ಟಿದ್ದು ಬರ್ (ಕತ್ತರಿಸಿದ ಲೋಹದ ಅಂಚಿನಲ್ಲಿ ಉಳಿಯುವ ಚೂಪು ಎಳೆ) ತೆಗೆಯುವುದು, ಪೀಸ್ ಜೋಡಿಸುವುದು, ನೆಲ ಒರೆಸುವುದು. ಒಂದು ರಾತ್ರಿ ಶಿಫ್ಟಿಗೆ ಆಪರೇಟರ್ ಬರಲಿಲ್ಲ. ಸೂಪರ್‌ವೈಸರ್ ಇವನನ್ನು ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಮಷಿನ್ ಮುಂದೆ ನಿಲ್ಲಿಸಿ, ಬಟನ್ ತೋರಿಸಿ ಮನೆಗೆ ಹೋದರು. ನಡುರಾತ್ರಿ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಬಿಲ್ಲೆ, ಸವೆಯಿತು. ಇವನೇ ಬದಲಿಸಿದ. ಬದಲಿಸಿದ ಮೇಲೆ ಮೊದಲ ಪೀಸ್ ಅಳೆದು ಆಫ್‌ಸೆಟ್ (ಮಷಿನ್‌ಗೆ ಕೊಟ್ಟ ಟೂಲ್‌ನ ಸ್ಥಾನದ ಅಳತೆ) ಸರಿಮಾಡಬೇಕು. ಅಳೆದಿದ್ದಾನೆ, ಆದರೆ ವರ್ನಿಯರ್‌ನಲ್ಲಿ. ಆ ಜಾಬ್‌ಗೆ ಇದ್ದ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ, ಒಟ್ಟು 0.02 ಮಿಲಿಮೀಟರ್. ಅವನ ಕೈಲಿದ್ದ ವರ್ನಿಯರ್ ತೋರಿಸುವ ಅತಿ ಸಣ್ಣ ಅಳತೆಯೂ ಅಷ್ಟೇ. ಅದರಲ್ಲಿ ಅಳೆದರೆ ಏನು ಗೊತ್ತಾಗುತ್ತದೆ? ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ಸೂಪರ್‌ವೈಸರ್ ಬೀರುವಿನಲ್ಲಿತ್ತು. ಬೀರುವಿಗೆ ಬೀಗ.

ಬೆಳಿಗ್ಗೆ ಇಡೀ ಲಾಟ್ ರಿಜೆಕ್ಟ್. ಎಲ್ಲರ ಎದುರು ಬೈಗುಳ. "ನೀನು ಐಟಿಐ ಪಾಸಾಗಿದ್ದು ಹೆಂಗೆ?" ಅಂದರಂತೆ.

"ಯಾರನ್ನಾದರೂ ಕೇಳಬಹುದಿತ್ತಲ್ಲಪ್ಪ?"

"ಯಾರ್ನ ಕೇಳ್ಬೇಕಂತ ಯಾರೂ ಹೇಳಿರ್ಲಿಲ್ರಿ ಮೇಡಂ."

ಈ ಮಾತು ನನಗೆ ಹೊಸದಲ್ಲ. ಕೆಲಸ ಬಿಟ್ಟು ಬರುವ ಹುಡುಗರು ಇದನ್ನು ಒಂದಲ್ಲ ಒಂದು ರೀತಿ ಹೇಳುತ್ತಾರೆ. ಮನೆಯವರು ಮಾತ್ರ ಸೋಮಾರಿ, ಹೆದರುಪುಕ್ಕಲ ಅಂತ ಹೆಸರಿಟ್ಟಿರುತ್ತಾರೆ.

ಕೋರ್ಸ್ ಬೇಡ ಎಂದು ಮಾವನಿಗೆ ಖಡಾಖಂಡಿತವಾಗಿ ಹೇಳಿದೆ. ಯುವನಿಧಿ ಸಿಗುತ್ತಾ ಎಂದು ಕೇಳಿದರು. ಅದು ಪದವಿ, ಡಿಪ್ಲೊಮಾ ಮಾಡಿದವರಿಗೆ. ಐಟಿಐನವರಿಗೆ ಇಲ್ಲ. ಹುಡುಗನ ಒಪ್ಪಿಗೆ ಪಡೆದು ಮಾಲೀಕರಿಗೆ ಫೋನ್ ಮಾಡಿದೆ. ಬೈತಾರೇನೋ ಅಂದುಕೊಂಡಿದ್ದೆ, ಅವರು ಬಂದೇ ಬಿಟ್ಟರು.

ಅವರೂ ಒಂದು ಕಾಲದಲ್ಲಿ ಹೆಲ್ಪರ್ ಆಗಿದ್ದವರು. "ನಮಗೆ ಯಾರು ಮೇಡಂ ಕಲಿಸಿದ್ರು? ನೋಡಿ ನೋಡಿ ಕಲಿತ್ವಿ. ಈಗ ಕಲಿಸಿದ್ರೆ ಪಕ್ಕದ ಶೆಡ್‌ನವನು ಎರಡು ಸಾವಿರ ಜಾಸ್ತಿ ಕೊಟ್ಟು ಎಳ್ಕೊಂಡು ಹೋಗ್ತಾನೆ." ಇದು ಸುಳ್ಳಲ್ಲ. ಸಣ್ಣ ಉದ್ಯಮಿಗಳು ಕಲಿಸಲು ಹಿಂಜರಿಯುವುದಕ್ಕೆ ದೊಡ್ಡ ಕಾರಣವೇ ಇದು. ಬಿಡದಿಯಲ್ಲಿ ಟೊಯೋಟ 2007ರಿಂದ ತರಬೇತಿ ಶಾಲೆ ನಡೆಸುತ್ತಿದೆ, ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳನ್ನು ಇಟ್ಟುಕೊಂಡು ಮೂರು ವರ್ಷ ಕಲಿಸುತ್ತದೆ ಎಂದೆ. "ನಾನೇನು ಟೊಯೋಟನಾ?" ಅಂದರು. ಅದೂ ನಿಜ ಅಲ್ವಾ! 22 ಜನರ ಶೆಡ್‌ಗೆ ತಕ್ಕ ಮಾತೇ ಆಡಬೇಕು.

ನಾನು ಹೇಳಿದ್ದು ಇಷ್ಟು. ಮುಂದಿನ ಹುಡುಗನನ್ನಾಗಲಿ, ಇವನನ್ನೇ ಆಗಲಿ, 1961ರ ಅಪ್ರೆಂಟಿಸ್ ಕಾಯ್ದೆಯಡಿ, ಕೆಲಸ ಕಲಿಯುವವನಾಗಿ, ತೆಗೆದುಕೊಳ್ಳಿ. 30 ಜನಕ್ಕಿಂತ ಕಡಿಮೆ ಇರುವ ಕಡೆ ಇದು ಕಡ್ಡಾಯವಲ್ಲ, ಆದರೆ ನಾಲ್ಕು ಜನ ಇದ್ದರೂ ಮಾಡಬಹುದು. 2016ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿವರೆಗೆ, ಸರ್ಕಾರವೇ ಕೊಡುತ್ತದೆ. ಅದಕ್ಕಿಂತ ಮುಖ್ಯ, ಹುಡುಗನ ಜೊತೆ ಒಪ್ಪಂದ ಇರುತ್ತದೆ. ಕೊನೆಗೆ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟ್. ನಡುವೆ ಬಿಟ್ಟು ಹೋದರೆ ನಷ್ಟ ಅವನಿಗೂ ಇದೆ. ಅಗ್ಗಕ್ಕೆ ಸಿಕ್ಕ ಹೆಲ್ಪರ್ ಅಂತ ಮಾತ್ರ ನೋಡಬೇಡಿ. ಹಾಗೆ ನೋಡಿ ವರ್ಷಪೂರ್ತಿ ಬರ್ ತೆಗೆಸುವವರೂ ಇದ್ದಾರೆ.

ಎರಡನೆಯದು, ಒಬ್ಬ ಹಳೇ ಆಪರೇಟರ್‌ಗೆ ಹುಡುಗನನ್ನು ವಹಿಸಿ. ಸುಮ್ನೆ ವಹಿಸಬೇಡಿ, ಅದಕ್ಕೆ ಅಂತ ತಿಂಗಳಿಗೆ ಏನಾದರೂ ಜಾಸ್ತಿ ಕೊಡಿ. ಕಲಿಸುವ ಹೊತ್ತಿನಲ್ಲಿ ಅವನ ಪ್ರೊಡಕ್ಷನ್ ಇಳಿದರೆ ಕೇಳಬೇಡಿ. ನಿಮ್ಮಲ್ಲಿ ಬಿದ್ದಿರುವ ರಿಜೆಕ್ಟ್ ಪೀಸ್‌ಗಳಲ್ಲೇ ಮೊದಲ ಹದಿನೈದು ದಿನ ಅಳತೆ ಕಲಿಸಿ. ಇನ್ಸರ್ಟ್ ಬದಲಿಸಿದ ಮೇಲೆ ಏನೇನು ಮಾಡಬೇಕು ಎಂದು ಕನ್ನಡದಲ್ಲಿ ಬರೆದು ಮಷಿನ್ ಪಕ್ಕ ಅಂಟಿಸಿ. ಮೂರನೇ ತಿಂಗಳಿಗೆ ಅವನಿಗೆ ಏನು ಬರಬೇಕು ಎಂದು ಮೊದಲ ದಿನವೇ ಹೇಳಿ. ಬೈಯಲೇಬೇಕು ಅಂದರೆ ಒಳಗೆ ಕರೆದು ಬೈಯಿರಿ. ಊರಿಂದ ಬಂದವನು ಮೊದಲ ಸಂಬಳಕ್ಕೆ ಮುಂಚೆಯೇ ರೂಮ್ ಅಡ್ವಾನ್ಸ್, ಮೆಸ್ ದುಡ್ಡು ಕಟ್ಟಿರುತ್ತಾನೆ. ಸಾಲದ ಯೋಚನೆ ಇರುವವನಿಗೆ ಮೈಕ್ರಾನ್ ತಲೆಗೆ ಹತ್ತುವುದಿಲ್ಲ. ಸ್ವಲ್ಪ ಮುಂಗಡ ಕೊಡಿ.

ಹುಡುಗನಿಗೂ ಕೆಲಸ ಕೊಟ್ಟೆ. ಹೇಳದೆ ಬಿಟ್ಟಿದ್ದಕ್ಕೆ ಕ್ಷಮೆ ಕೇಳಬೇಕು. ಲಾಟ್ ಹಾಳಾಗಿದ್ದಕ್ಕಲ್ಲ, ಹೇಳದೆ ಹೋಗಿದ್ದಕ್ಕೆ. ಜೇಬಿನಲ್ಲಿ ಚಿಕ್ಕ ಪುಸ್ತಕ ಇರಲಿ. "ಮೊದಲ ಪೀಸ್ ನೋಡ್ತೀರಾ ಅಣ್ಣ?" ಎಂದು ಕೇಳುವುದನ್ನು ನನ್ನ ಎದುರೇ ಹಲವು ಸಲ ಹೇಳಿಸಿದೆ. ಮೊದಮೊದಲು ದನಿಯೇ ಹೊರಡಲಿಲ್ಲ.

ಮಾಲೀಕರು ಎಲ್ಲವನ್ನೂ ಒಪ್ಪಲಿಲ್ಲ. ಬೈಗುಳದ ವಿಷಯಕ್ಕೆ "ನನ್ನ ಬಾಯಿ ಹಂಗೇ ಮೇಡಂ, ನೋಡೋಣ" ಅಂದರು. ಬೀರುವಿನ ಬೀಗ ಮಾತ್ರ ಅದೇ ವಾರ ಹೋಯಿತು. ಅಪ್ರೆಂಟಿಸ್ ನೋಂದಣಿ ಅವರ ಕಾಗದಪತ್ರ ಸರಿಯಿಲ್ಲದೆ ತಡವಾಯಿತು. ಹುಡುಗ ವಾಪಸ್ ಸೇರಿದ್ದಾನೆ. ಈಗ ಹಗಲು ಶಿಫ್ಟಿನಲ್ಲಿ ಒಂದು ಮಷಿನ್ ನೋಡಿಕೊಳ್ಳುತ್ತಾನೆ. ವರ್ಷ ಮುಗಿದ ಮೇಲೆ ದೊಡ್ಡ ಕಂಪನಿಗೆ ಹೋಗುತ್ತೇನೆ ಅನ್ನುತ್ತಾನೆ. ಮಾವನಿಗೆ ಇದು ಇಷ್ಟವಿಲ್ಲ. ಹೋಗಲಿ ಬಿಡಿ ಎಂದಿದ್ದೇನೆ.

ಹೋದ ತಿಂಗಳು ಮಾಲೀಕರು ಫೋನ್ ಮಾಡಿ, ಇನ್ನಿಬ್ಬರು ಹುಡುಗರಿದ್ದರೆ ಕಳಿಸಿ ಅಂದರು. ಅವರಿಗೆ ಕಲಿಸುವವರು ಯಾರು, ಹೆಸರು ಹೇಳಿ, ಕಳಿಸುತ್ತೇನೆ ಎಂದೆ. ಒಂದು ಹೆಸರು ಬಂದಿದೆ. ಇನ್ನೊಂದಕ್ಕೆ ಕಾಯುತ್ತಿದ್ದೇನೆ.