ರೂಮು ಬುಕ್ ಮಾಡೋ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗನ ಮದುವೆ ಕುರ್ಲಾದ ಬಂಟರ ಭವನದಲ್ಲಿ, ಒಂದು ಭಾನುವಾರ. ಹಿಂದಿನ ದಿನ ಊರಿಂದ ಮತ್ಸ್ಯಗಂಧ ರೈಲಿನಲ್ಲಿ ಇಪ್ಪತ್ತು ಜನ ಬರ್ತಾರೆ, ಅರ್ಧಕ್ಕರ್ಧ ವಯಸ್ಸಾದವರು. ಜಿಂಜರ್, ಐಬಿಸ್, ಲೆಮನ್ ಟ್ರೀ ಅಂತ ಮಕ್ಕಳು ಏನೇನೋ ಹೋಟೆಲಿನ ಹೆಸರು ಹೇಳ್ತಾರೆ. ದುಡ್ಡಿಗೆ ಮೋಸ ಇಲ್ಲದ್ದು ಯಾವುದು? (ಓದುಗರು, ಡೊಂಬಿವಲಿ)

ಉತ್ತರ: ಅಮ್ಮಾ, ಮೂರೂ ಪರವಾಗಿಲ್ಲ. ಆದರೆ ಮುಂಬಯಿಯಲ್ಲಿ ಮೊದಲು ನೋಡಬೇಕಾದದ್ದು ಮ್ಯಾಪು, ಆಮೇಲೆ ಹೆಸರು. ರಾತ್ರಿಗೆ ಐನೂರು ರೂಪಾಯಿ ಉಳೀತು ಅಂತ ದೂರದಲ್ಲಿ ರೂಮು ಹಿಡಿದು, ರೇಷ್ಮೆ ಸೀರೆ ಉಟ್ಟ ಅಜ್ಜಿಯಂದಿರನ್ನು ಎರಡು ಹೊತ್ತೂ ಟ್ಯಾಕ್ಸಿಯಲ್ಲಿ ಓಡಾಡಿಸಿದರೆ ಉಳಿದದ್ದೆಲ್ಲ ಅಲ್ಲೇ ಹೋಯಿತು. ನಿಮ್ಮ ಲೆಕ್ಕಕ್ಕೆ ಬರೋದು ಮುಖ್ಯವಾಗಿ ಮೂರು: ವಿಕ್ರೋಲಿಯ ಐಬಿಸ್, ಸಾಂತಾಕ್ರೂಜ್ ವಿಮಾನ ನಿಲ್ದಾಣದ ಹತ್ತಿರದ ಜಿಂಜರ್, ಅಂಧೇರಿ ಪೂರ್ವದ ಲೆಮನ್ ಟ್ರೀ ಪ್ರೀಮಿಯರ್. ಪ್ರೀಮಿಯರ್ ಅಂದರೆ ಅವರ ಮೇಲಿನ ದರ್ಜೆ, ದರವೂ ಸಾಮಾನ್ಯವಾಗಿ ಹಾಗೇ ಇರುತ್ತೆ. ವಿಕ್ರೋಲಿಯಿಂದ ಎಲ್‌ಬಿಎಸ್ ಮಾರ್ಗ ಹಿಡಿದು ಬರಬೇಕು, ಸಾಂತಾಕ್ರೂಜಿಂದ ಚೆಂಬೂರ್ ಲಿಂಕ್ ರೋಡ್ ಇದೆ. ಭಾನುವಾರ ಆದ್ದರಿಂದ ಎರಡೂ ನಡೆಯುತ್ತೆ. ಬುಧವಾರದ ಮದುವೆ ಆಗಿದ್ದರೆ ಎಲ್‌ಬಿಎಸ್ ಬೇಡವೇ ಬೇಡ ಅಂತಿದ್ದೆ.

ಈಗ ಹೆಸರುಗಳ ವಿಷಯ. ಐಬಿಸ್ ಫ್ರಾನ್ಸಿನ ಅಕೋರ್ ಕಂಪನಿಯದು, ನಮ್ಮ ದೇಶದಲ್ಲಿ ಬಹುಪಾಲು ಇಂಡಿಗೋ ವಿಮಾನದ ಇಂಟರ್‌ಗ್ಲೋಬ್‌ನವರ ಜೊತೆ ಸೇರಿ ಕಟ್ಟಿದ್ದು. ಯಾವ ಊರಿಗೆ ಹೋದರೂ ರೂಮು ಹೆಚ್ಚುಕಮ್ಮಿ ಒಂದೇ ಥರ: ಚಿಕ್ಕದು, ಒಳ್ಳೆ ಹಾಸಿಗೆ, ಇಬ್ಬರಿಗೆ ಸರಿಹೋಗುತ್ತೆ. ಮೂರನೆಯವರನ್ನು ಸೇರಿಸೋಣ ಅಂದುಕೊಂಡಿದ್ದರೆ ಬೇಡ. ಜಿಂಜರ್ ಟಾಟಾದವರದು, ತಾಜ್ ನಡೆಸುವ ಕಂಪನಿಯೇ. 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಬೇರೆ ಹೆಸರಲ್ಲಿ, ಶುರುವಾದದ್ದು. ಆಗಿನ ಕಾಲದ ಜಿಂಜರ್‌ಗಳು ತೀರಾ ಸಾದಾ, ಈಗ ಹೊಸದಾಗಿ ಕಟ್ಟುತ್ತಿರೋದು ಬೇರೆಯೇ ಥರ. ಸಾಂತಾಕ್ರೂಜಿನದು 2023ರಲ್ಲಿ ತೆರೆದದ್ದು, 371 ರೂಮು ಇದೆ, ಹಾಗಾಗಿ ಹತ್ತು ರೂಮು ಒಟ್ಟಿಗೆ ಸಿಗೋದು ಸುಲಭ. ಲೆಮನ್ ಟ್ರೀಯಲ್ಲಿ ನನಗೆ ಇಷ್ಟವಾಗೋದು ಅಲ್ಲಿನ ಜನ. ಕಿವಿ ಕೇಳದವರಿಗೆ, ಬೇರೆ ಅಂಗವೈಕಲ್ಯ ಇರುವವರಿಗೆ ಬಹಳ ವರ್ಷದಿಂದ ಕೆಲಸ ಕೊಡುತ್ತಾ ಬಂದಿದ್ದಾರೆ. ಬಡಿಸುವವರಿಗೆ ಕಿವಿ ಕೇಳದಿದ್ದರೆ ಮೆನುವಿನಲ್ಲಿ ಬೆರಳು ತೋರಿಸಿದರಾಯ್ತು. ಊರಿನವರಿಗೆ ಮೊದಲೇ ಹೇಳಿಡಿ, ಸುಮ್ನೆ ಗಟ್ಟಿಯಾಗಿ ಕೂಗಿ ಹೇಳೋದು ತಪ್ಪುತ್ತೆ.

ನನ್ನನ್ನು ಕೇಳಿದರೆ ನಿಮಗೆ ಜಿಂಜರ್.

ಆದರೆ ನಿಜವಾದ ತಲೆನೋವು ಬೇರೆ ಇದೆ. ಮತ್ಸ್ಯಗಂಧ ಬೆಳಗಾಗ್ತಾ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ (ಎಲ್‌ಟಿಟಿ) ಬರುತ್ತೆ, ಹೋಟೆಲಿನವರು ರೂಮು ಕೊಡೋದು ಮಧ್ಯಾಹ್ನ ಎರಡಕ್ಕೆ. ಅಷ್ಟು ಹೊತ್ತು ಇಪ್ಪತ್ತು ಜನ ಲಾಬಿಯಲ್ಲಿ ಚೀಲ ಇಟ್ಟುಕೊಂಡು ಕೂರೋಕಾಗುತ್ತಾ? ಹೋಟೆಲಿಗೆ ನೇರ ಫೋನ್ ಮಾಡಿ ಸೇಲ್ಸ್‌ನವರನ್ನು ಕೇಳಿ. ಹತ್ತು ರೂಮು ಅಂದ ತಕ್ಷಣ ಗ್ರೂಪ್ ದರದ ಮಾತು ಬರುತ್ತೆ, ಆ್ಯಪಿನಲ್ಲಿ ಅದು ಕಾಣಲ್ಲ. ದರ ಇನ್ನೂರು ಇಳಿಸಿ ಅಂತ ಜಗ್ಗಾಡೋ ಬದಲು ಬೆಳಿಗ್ಗೆಯೇ ಮೂರ್ನಾಲ್ಕು ರೂಮು ಕೊಡಿ, ತಿಂಡಿ ಸೇರಿಸಿ ಅಂತ ಹಟ ಹಿಡಿಯಿರಿ. ಒಪ್ಪದಿದ್ದರೆ ಎರಡು ರೂಮನ್ನು ಮಾತ್ರ ಹಿಂದಿನ ರಾತ್ರಿಯಿಂದಲೇ ಹಿಡಿಯಿರಿ, ಹಿರಿಯರು ಸ್ನಾನ ಮಾಡಿ ಮಲಗಲಿ, ಉಳಿದವರು ಚೆಂಬೂರಲ್ಲಿ ಇಡ್ಲಿ ತಿಂದು ಬರಲಿ. ಒಪ್ಪಿದ್ದನ್ನೆಲ್ಲ ಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬರೆಸಿಕೊಳ್ಳಿ, ಯಾಕಂದ್ರೆ ಸೇಲ್ಸ್‌ನವರು ಹೇಳಿದ್ದು ರಿಸೆಪ್ಷನ್‌ನವರಿಗೆ ಗೊತ್ತಿರಲ್ಲ.

ಇನ್ನೊಂದು, ಸಣ್ಣದು ಅನ್ನಿಸಬಹುದು. ಈ ಹೋಟೆಲುಗಳಲ್ಲಿ ಗಾಜಿನ ಗೂಡಿನೊಳಗೆ ಶವರ್ ಇರುತ್ತೆ, ಬಕೆಟ್ಟು ಚೊಂಬು ಇರಲ್ಲ. ನಮ್ಮ ಹಿರಿಯರಿಗೆ ಅದಾಗಲ್ಲ, ನೆಲ ಬೇರೆ ಜಾರುತ್ತೆ. ಬಕೆಟ್ಟು, ಮಗ್ಗು, ಒಂದು ಪ್ಲಾಸ್ಟಿಕ್ ಸ್ಟೂಲು ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಬೆಡ್ಡು ಬೇರೆಬೇರೆ ಬೇಕಾ ಅನ್ನೋದನ್ನೂ ಆಗಲೇ ಹೇಳಿಬಿಡಿ.

ಪ್ರಶ್ನೆ: ನಮ್ಮದು ಬೆಂಗಳೂರಿನ ಸಣ್ಣ ಕಂಪನಿ. ಕೆಲಸದ ಮೇಲೆ ಹುಡುಗರನ್ನು ಹಿಂಜವಡಿಗೆ ಕಳಿಸ್ತಿರ್ತೀವಿ, ನಾನೂ ಈಗ ಪುಣೆಯಲ್ಲೇ ಇದ್ದೇನೆ. ಏಳೂವರೆ ಸಾವಿರದ ಆಸುಪಾಸಿನ ರೂಮುಗಳಲ್ಲಿ ತೆರಿಗೆ ಲೆಕ್ಕ ಹೇಗೆ? ಬ್ರ್ಯಾಂಡ್ ಯಾವುದು? (ಓದುಗರು, ಪುಣೆ)

ಉತ್ತರ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಮೊದಲು 12 ಇತ್ತು. ಅದರ ಮೇಲೆ ಹೋದರೆ ಶೇ. 18. ಹಾಗಾಗಿ 7,400ರ ರೂಮು ಕೈಗೆ 7,770ಕ್ಕೆ ಬಿದ್ದರೆ, 7,600ರದ್ದು 8,968 ಆಗುತ್ತೆ. ಇನ್ನೂರರ ವ್ಯತ್ಯಾಸಕ್ಕೆ ಸಾವಿರದ ಇನ್ನೂರು ದಂಡ! ಆ ಗಡಿಯಲ್ಲಿ ದರ ಕೇಳುವಾಗ ತೆರಿಗೆ ಬಿಟ್ಟು ಎಷ್ಟು ಅಂತಲೇ ಕೇಳಿ. ಇನ್‌ಪುಟ್ ಕ್ರೆಡಿಟ್ (ಇಲ್ಲಿ ಕಟ್ಟಿದ ತೆರಿಗೆಯನ್ನು ಕಂಪನಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳೋದು) ಸಿಗುತ್ತೆ ಅಂದುಕೊಂಡಿದ್ದರೆ ಅದನ್ನು ಮರೆತುಬಿಡಿ. ಹೋಟೆಲ್ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ತೆರಿಗೆ ಬೀಳುತ್ತೆ, ನಿಮಗೆ ಮಹಾರಾಷ್ಟ್ರದ ನೋಂದಣಿ ಇಲ್ಲದಿದ್ದರೆ ಅದು ಖರ್ಚೇ.

ಬ್ರ್ಯಾಂಡ್ ವಿಷಯದಲ್ಲಿ ಹಿಂಜವಡಿಯಲ್ಲಿ ಐಬಿಸ್, ಲೆಮನ್ ಟ್ರೀ ಎರಡೂ ಇವೆ, ಪಕ್ಕದ ವಾಕಡ್‌ನಲ್ಲಿ ಜಿಂಜರ್. ಒಬ್ಬನೇ ಹೋಗಿ ರಾತ್ರಿ ಮಲಗಿ ಬೆಳಿಗ್ಗೆ ಓಡುವವನಿಗೆ ಐಬಿಸ್ ಸಾಕು. ವಾರಗಟ್ಟಲೆ ಇರುವವರಿಗೆ ಆ ಚಿಕ್ಕ ರೂಮು ಬೇಜಾರು ತರಿಸುತ್ತೆ, ಲೆಮನ್ ಟ್ರೀ ಕೇಳಿ. ವಾಕಡ್‌ನಲ್ಲಿ ಹೊರಗೆ ಊಟಕ್ಕೆ ಜಾಸ್ತಿ ಜಾಗ ಇವೆ, ಆದರೆ ಬೆಳಗಿನ ಟ್ರಾಫಿಕ್ಕು ನಿಮ್ಮ ಹುಡುಗರನ್ನು ನುಂಗುತ್ತೆ. ಇಲ್ಲಿ ವಾರದ ಮಧ್ಯೆ ದುಬಾರಿ, ಶನಿವಾರ ಭಾನುವಾರ ಅಗ್ಗ. ಭಾನುವಾರ ರಾತ್ರಿಯೇ ಬಂದಿಳಿಯಲು ಹೇಳಿ.

ಪ್ರಶ್ನೆ: ಫಾರ್ಚೂನ್, ಟ್ರೀಬೋ, ಫ್ಯಾಬ್‌ಹೋಟೆಲ್ಸ್ ಬಗ್ಗೆ ಏನಂತೀರಿ? (ಓದುಗರು, ಠಾಣೆ)

ಉತ್ತರ: ಫಾರ್ಚೂನ್ ಐಟಿಸಿಯವರದು, ಆದರೆ ಕಟ್ಟಡ ಹೆಚ್ಚಾಗಿ ಬೇರೆಯವರದು, ಇವರು ನಡೆಸ್ತಾರೆ. ಟ್ರೀಬೋ, ಫ್ಯಾಬ್‌ನಲ್ಲಿ ಹಳೇ ಸಣ್ಣ ಹೋಟೆಲುಗಳೇ ಬೋರ್ಡು ಹಾಕಿಕೊಂಡಿರುತ್ತವೆ, ಮಾಲೀಕ ಚೆನ್ನಾಗಿದ್ದರೆ ಹೋಟೆಲೂ ಚೆನ್ನಾಗಿರುತ್ತೆ. ಇಂಥ ಕಡೆ ಸ್ಟಾರ್ ಎಷ್ಟು ಅಂತ ನೋಡಬೇಡಿ. ಇತ್ತೀಚಿನ ಎರಡು ಮೂರು ತಿಂಗಳ ರಿವ್ಯೂ ಮಾತ್ರ ತೆಗೆದು, ಉಳಿದುಕೊಂಡವರು ಹಾಕಿದ ಬಚ್ಚಲಮನೆ ಫೋಟೋ ನೋಡಿ.

ಪ್ರಶ್ನೆ: ನಾವು ವಾಸ್ಕೋದಲ್ಲಿರೋದು. ಡಿಸೆಂಬರ್ ಕೊನೆಗೆ ದಾವಣಗೆರೆಯಿಂದ ಅಕ್ಕ ಭಾವ ಮಕ್ಕಳ ಜೊತೆ ಬರ್ತಾರೆ, ನಮ್ಮನೆ ಚಿಕ್ಕದು. ಕಲಂಗುಟ್ ಕಡೆ ಒಳ್ಳೆ ಹೋಟೆಲ್ ಮೂರು ಸಾವಿರಕ್ಕೆ ಸಿಗುತ್ತಾ? (ಓದುಗರು, ಗೋವಾ)

ಉತ್ತರ: ಚೈನ್ ಹೋಟೆಲಿನಲ್ಲಿ, ಆ ವಾರ? ಆಸೆ ಇಟ್ಟುಕೊಳ್ಳಬೇಡಿ. ಕಲಂಗುಟ್‌ನಲ್ಲಿ ಐಬಿಸ್ ಸ್ಟೈಲ್ಸ್ ಇದೆ, ಈಜುಕೊಳ ಇರೋದರಿಂದ ಮಕ್ಕಳಿಗೆ ಖುಷಿ, ಆದರೆ ವಾಸ್ಕೋದಿಂದ ನೀವು ದಿನಾ ಅಲ್ಲಿಗೆ ಓಡಾಡಬೇಕು. ಪಣಜಿಯ ಜಿಂಜರ್ ನೋಡಿ, ವಾಸ್ಕೋಗೂ ಕಲಂಗುಟ್‌ಗೂ ಮಧ್ಯೆ ಬೀಳುತ್ತೆ. ಕಡಲು ಕಾಣಲ್ಲ, ಅಷ್ಟೇ. 31ರ ರಾತ್ರಿ ಸೇರಿಸಿ ಬುಕ್ ಮಾಡೋದಾದರೆ ಹೊಸ ವರ್ಷದ ಗಾಲಾ ಡಿನ್ನರ್ ಕಡ್ಡಾಯವಾ, ತಲೆಗೆ ಎಷ್ಟು, ಮಕ್ಕಳಿಗೂ ಇದೆಯಾ ಅಂತ ದುಡ್ಡು ಕಟ್ಟೋ ಮುಂಚೆ ಕೇಳಿ. ಎಷ್ಟೋ ಕಡೆ ರೂಮಿನ ದರಕ್ಕಿಂತ ಆ ಊಟದ ಬಿಲ್ಲೇ ಜಾಸ್ತಿ ಬರುತ್ತೆ, ಹಾಗಾಗಿ 31ಕ್ಕೆ ಬೆಳಿಗ್ಗೆ ರೂಮು ಖಾಲಿ ಮಾಡಿಸಿ ಆ ಒಂದು ರಾತ್ರಿ ನಿಮ್ಮನೆಯಲ್ಲೇ ಮಲಗಿಸಿಕೊಳ್ಳಿ.