ನಡಾವಳಿ ಪುಸ್ತಕವನ್ನು ನಂಬುವುದು ಎಷ್ಟರ ಮಟ್ಟಿಗೆ?

ಪ್ರಶ್ನೆ: ಕೊಡಗಿನ ದೇವರಕಾಡುಗಳ ನಿರ್ವಹಣೆಯ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ತಕ್ಕರ (ಊರು-ದೇವಸ್ಥಾನಗಳ ಪಾರಂಪರಿಕ ಮುಖ್ಯಸ್ಥರ) ಸಂದರ್ಶನಗಳ ಜೊತೆಗೆ ದೇವಸ್ಥಾನ ಸಮಿತಿಯ ನಡಾವಳಿ ಪುಸ್ತಕ, ಪಹಣಿ ಮತ್ತು ಇಲಾಖೆಯ ಪಟ್ಟಿಗಳಿಂದ ಬೇಕಾದ ಸಾಲುಗಳನ್ನು ಉಲ್ಲೇಖಿಸಿದ್ದೇನೆ. ದಾಖಲೆ ವಿಶ್ಲೇಷಣೆ ಸಡಿಲವಾಗಿದೆ ಎನ್ನುತ್ತಾರೆ ಮಾರ್ಗದರ್ಶಕರು. ಇಷ್ಟು ಸಾಲದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಸಾಲದು. "ಬೇಕಾದ ಸಾಲುಗಳು" ಎಂದು ನೀವೇ ಬರೆದಿದ್ದೀರಿ, ತೊಡಕಿರುವುದು ಅಲ್ಲಿಯೇ. ತಕ್ಕರ ಮಾತಿಗೆ ಹೊಂದುವ ಸಾಲನ್ನಷ್ಟೇ ಕಡತದಿಂದ ಆರಿಸಿಕೊಂಡರೆ, ಹೊಂದದ ಸಾಲುಗಳು ಏನು ಹೇಳುತ್ತಿದ್ದವು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ದಾಖಲೆ ಅಸಲಿಯೇ, ನಂಬಲರ್ಹವೇ, ಪ್ರಾತಿನಿಧಿಕವೇ, ಅದರ ಅರ್ಥವೇನು ಎಂಬ ನಾಲ್ಕು ಪರೀಕ್ಷೆಗಳನ್ನು ಸಮಾಜಶಾಸ್ತ್ರಜ್ಞ ಜಾನ್ ಸ್ಕಾಟ್ 1990ರಲ್ಲಿ ಮುಂದಿಟ್ಟರು. ನಿಮ್ಮ ಕೆಲಸದಲ್ಲಿ ನಡುವಿನ ಎರಡೇ ಹೆಚ್ಚು ಕಾಡುತ್ತವೆ.

ದೇವರಕಾಡುಗಳು 1905ರಲ್ಲಿ ಕಂದಾಯ ಇಲಾಖೆಯ ವಶಕ್ಕೆ ಹೋಗಿ, 1985ರಲ್ಲಿ ಅರಣ್ಯ ಇಲಾಖೆಗೆ ಮರಳಿದವು. ಆದ್ದರಿಂದ ಎರಡು ಕಾಲದ ಪಟ್ಟಿಗಳಲ್ಲಿ ವಿಸ್ತೀರ್ಣ ಬೇರೆಯಾಗಿದ್ದರೆ ಅಷ್ಟೂ ಒತ್ತುವರಿಯೆಂದು ಕೂಡಲೇ ಬರೆಯಬೇಡಿ. ಕಾಫಿ ತೋಟಕ್ಕಾಗಿ ಒತ್ತುವರಿ ನಡೆದಿರುವುದು ನಿಜ. ಆದರೆ ಆ ಪಟ್ಟಿಯನ್ನು ಯಾವ ಇಲಾಖೆ, ಯಾವ ಉದ್ದೇಶಕ್ಕೆ, ಸ್ಥಳದಲ್ಲಿ ಅಳೆದು ಮಾಡಿತೋ ಹಳೆಯ ಪಟ್ಟಿಯನ್ನೇ ನಕಲಿಸಿತೋ ಎಂಬುದು ಗೊತ್ತಾಗುವವರೆಗೆ, ವ್ಯತ್ಯಾಸದಲ್ಲಿ ಎಷ್ಟು ಪಾಲು ಕಾಡಿನದು, ಎಷ್ಟು ಪಾಲು ಕಡತದ್ದು ಎಂದು ಹೇಳಲಾಗದು.

ನಡಾವಳಿ ಪುಸ್ತಕದ ವಿಷಯ ಇನ್ನೂ ಸೂಕ್ಷ್ಮ. "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂಬ ಸಾಲು ಸಭೆಯಲ್ಲಿ ಜಗಳವಾಗಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಜಗಳವನ್ನು ಬರೆದಿಡುವುದು ಬೇಡವೆಂದು ಬರೆದವರಿಗೆ ಅನ್ನಿಸಿತು ಎಂಬುದಕ್ಕೂ ಅದು ಸಾಕ್ಷಿಯಾಗಿರಬಹುದು. ಕೆಳಗಿನ ಸಹಿಗಳನ್ನು ನೋಡಿ: ಹಿಂದಿನ ಸಭೆಗಳಲ್ಲಿ ತಪ್ಪದೆ ಸಹಿ ಹಾಕುತ್ತಿದ್ದ ಒಕ್ಕದವರು (ಕೊಡವ ಮನೆತನದವರು) ಮರ ಕಡಿಯುವ ನಿರ್ಣಯದ ದಿನ ಮಾತ್ರ ಇಲ್ಲವೇ? ಸಾಲುಗಳ ನಡುವೆ ಬೇರೆ ಶಾಯಿಯಲ್ಲಿ ಏನಾದರೂ ಸೇರಿದೆಯೇ? ಇಂಥದ್ದನ್ನು ಗುರುತಿಸಿಕೊಂಡು ಸಂದರ್ಶನಕ್ಕೆ ಮರಳಿ ಹೋದರೆ, ಕೇಳಬೇಕಾದ ಪ್ರಶ್ನೆ ದಾಖಲೆಯಿಂದಲೇ ಹುಟ್ಟುತ್ತದೆ.

ಸಂಕೇತೀಕರಣದ (ಸಾಲುಗಳಿಗೆ ವಿಷಯವಾರು ಗುರುತು ಹಾಕುವ) ಕ್ರಮ ಸಂದರ್ಶನಕ್ಕೆ ಅನುಸರಿಸಿದ್ದೇ ಸಾಕು, ಸಾಫ್ಟ್‌ವೇರ್ ಇರಲೇಬೇಕೆಂದಿಲ್ಲ. ಆದರೆ ಯಾವ ಕಡತ ಎಲ್ಲಿ ಸಿಕ್ಕಿತು, ಯಾರು ತೋರಿಸಿದರು, ಯಾವುದನ್ನು ಕೇಳಿಯೂ ಕೊಡಲಿಲ್ಲ, ಯಾವ ವರ್ಷಗಳ ಪುಸ್ತಕ ಮಳೆಗೋ ಗೆದ್ದಲಿಗೋ ಹೋಯಿತು ಎಂಬುದನ್ನು ದಿನಾಂಕ ಸಹಿತ ಬರೆದಿಟ್ಟು, ಪ್ರಬಂಧದ ವಿಧಾನದ ಅಧ್ಯಾಯದಲ್ಲೇ ಕೊಡಿ. ಒಕ್ಕಗಳ ನಡುವಿನ ವ್ಯಾಜ್ಯಗಳನ್ನು ಉಲ್ಲೇಖಿಸುವಾಗ ಮನೆತನದ ಹೆಸರನ್ನು ಬಿಡಿ. ಊರಿನ ಹೆಸರೊಂದೇ ಗುರುತು ಹಿಡಿಯಲು ಸಾಕಾಗುವಷ್ಟು ಚಿಕ್ಕ ಜಿಲ್ಲೆ ನಮ್ಮದು.