ಓದುಗರ ಪ್ರಶ್ನೆ: ಮನೆಯ ಹೊಂಡ, ಹೂವು, ಚಿಟ್ಟೆ ಮತ್ತು ಮೊಬೈಲ್ ಕ್ಯಾಮೆರಾ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಅಂಗಳದಲ್ಲಿ ದಾಸವಾಳ, ರಥಪುಷ್ಪ ಇವೆ. ಅಡಿಕೆ ತೋಟದ ಅಂಚಿಗೆ ಒರತೆ ನೀರಿನ ಸಣ್ಣ ಹೊಂಡ ಇದೆ. ಮೊಬೈಲಿನಲ್ಲಿ ತೆಗೆದರೆ ದಾಸವಾಳ ಬರೀ ಕೆಂಪು ಮುದ್ದೆಯಾಗಿ ಬರುತ್ತದೆ. ಚಿಟ್ಟೆ ಹತ್ತಿರ ಹೋದರೆ ಹಾರಿಬಿಡುತ್ತದೆ. ಹೊಂಡದ ಫೋಟೋದಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ದೊಡ್ಡ ಕ್ಯಾಮೆರಾ ಕೊಳ್ಳಲೇಬೇಕಾ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಈಗಲೇ ಬೇಡ. ನೀವು ಹೇಳಿದ ಮೂರೂ ತೊಂದರೆ ಬೆಳಕು ಮತ್ತು ಹೊತ್ತಿಗೆ ಸಂಬಂಧಪಟ್ಟವು, ದುಡ್ಡು ಹಾಕಿದರೂ ಅವು ಹಾಗೇ ಉಳಿಯುತ್ತವೆ.

ದಾಸವಾಳದ ಕೆಂಪು ಬಣ್ಣ ಬಿಸಿಲಿನಲ್ಲಿ ಕ್ಯಾಮೆರಾಗೆ ಜಾಸ್ತಿಯಾಗುತ್ತದೆ, ಆಗ ಎಸಳಿನ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಮೋಡ ಇದ್ದಾಗ ಅಥವಾ ಮನೆಯ ನೆರಳು ಬಿದ್ದಾಗ ತೆಗೆಯಿರಿ. ಪರದೆಯ ಮೇಲೆ ಹೂವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಹೂವಿನ ನಡುವಿನ ದಂಡದ ಸುತ್ತ ಹಳದಿ ಪರಾಗದ ಕಾಳು, ಅದರ ತುದಿಯಲ್ಲಿ ವೆಲ್ವೆಟ್ಟಿನಂಥ ಐದು ಕೆಂಪು ಗುಂಡುಗಳು ಇವೆಯಲ್ಲ, ಫೋಕಸ್ ಅಲ್ಲಿಗೆ ಕೊಡಿ. ಮೊಬೈಲನ್ನು ಹೂವಿಗೆ ತಾಗಿಸುವಷ್ಟು ಹತ್ತಿರ ಒಯ್ಯಬೇಡಿ, ಒಂದು ಮೊಳ ಹಿಂದೆ ನಿಂತು ಎರಡು ಪಟ್ಟು ಜೂಮ್ ಮಾಡಿ.

ಚಿಟ್ಟೆಯನ್ನು ಅಟ್ಟಿಸಿಕೊಂಡು ಹೋಗಲೇಬೇಡಿ. ಅದು ಎಲ್ಲಿಗೆ ಬರುತ್ತದೆ ಅಂತ ಗೊತ್ತು ಮಾಡಿಕೊಂಡು ಮೊದಲೇ ಹೋಗಿ ಕೂರಬೇಕು. ಬೆಳಗಿನ ಚಳಿಗೆ ಅದರ ಮೈ ತಣ್ಣಗಿರುತ್ತದೆ, ಹಾರುವ ಮೊದಲು ಎಳೆ ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂರುತ್ತದೆ. ಇಬ್ಬನಿ ಇನ್ನೂ ಆರದ ಆ ಹೊತ್ತೇ ನಿಮ್ಮದು. ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ರೆಕ್ಕೆ ಮಡಚಿದ್ದರೆ ಪಕ್ಕದಿಂದ, ಬಿಚ್ಚಿದ್ದರೆ ಮೇಲಿನಿಂದ ತೆಗೆಯಿರಿ, ಮೊಬೈಲು ರೆಕ್ಕೆಗೆ ಸಮಾನಾಂತರವಾಗಿದ್ದರೆ ಮಾತ್ರ ರೆಕ್ಕೆ ಪೂರ್ತಿ ಸ್ಪಷ್ಟವಾಗಿ ಬರುತ್ತದೆ. ರಥಪುಷ್ಪಕ್ಕೆ ಬರುವ ನೀಲಿ ಮಾರ್ಮನ್ ಚಿಟ್ಟೆ ಮಕರಂದ ಹೀರುವಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತದೆ, ಅದಕ್ಕೆ ಬಿಸಿಲು ಚೆನ್ನಾಗಿರುವಾಗ ಒಂದೇ ಸಮನೆ ಹತ್ತಾರು ಫೋಟೋ ತೆಗೆಯುವ ಬರ್ಸ್ಟ್ ಮೋಡ್ ಬಳಸಿ.

ಚಿಟ್ಟೆ ಬೇಕಾದರೆ ಮರಿಹುಳವೂ ಬೇಕು, ಅಲ್ವಾ? ನಿಂಬೆ, ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಹಲವು ಸಲ ಮಾರ್ಮನ್ ಅಥವಾ ನಿಂಬೆ ಚಿಟ್ಟೆಯ ಎಳೆಯ ಹುಳ. ದಯವಿಟ್ಟು ಅದಕ್ಕೆ ಔಷಧಿ ಹೊಡೆಯಬೇಡಿ. ಬೇಲಿಯಲ್ಲಿ ಈಶ್ವರಿ ಬಳ್ಳಿ ಇದ್ದರೆ ಕಡಿಯಬೇಡಿ, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಆ ಜಾತಿಯ ಬಳ್ಳಿಗಳ ಮೇಲೆ.

ಇನ್ನು ಹೊಂಡ. ನನಗೆ ಕೇಳಿದರೆ ನಿಮ್ಮಲ್ಲಿರುವ ದೊಡ್ಡ ಆಸ್ತಿ ಇದೇ. ಕಾಣುತ್ತಿರುವುದು ಆಕಾಶದ ಪ್ರತಿಬಿಂಬ. ಎದುರು ದಡದಲ್ಲಿ ಯಾರಾದರೂ ಕಪ್ಪು ಕೊಡೆ ಬಿಚ್ಚಿ ಹಿಡಿಯಲಿ, ಕೊಡೆಯ ಬಿಂಬ ಬಿದ್ದ ಜಾಗದಲ್ಲಿ ನೀರಿನೊಳಗಿನ ಗೊದಮೊಟ್ಟೆ, ಕೊಳೆತ ಎಲೆ ಎಲ್ಲ ಕಾಣುತ್ತವೆ. ಪೋಲರೈಸ್ಡ್ (ನೀರಿನ ಮೇಲಿನ ಹೊಳಪು ತಡೆಯುವ) ಕೂಲಿಂಗ್ ಗ್ಲಾಸ್ ಇದ್ದರೆ ಅದರ ಗಾಜನ್ನು ಲೆನ್ಸಿನ ಮುಂದೆ ಹಿಡಿದು ತಿರುಗಿಸುತ್ತಾ ನೋಡಿ. ನೇರ ಮೇಲಿಂದ ನೋಡಿದರೆ ಇದು ಕೆಲಸ ಮಾಡುವುದಿಲ್ಲ, ಓರೆಯಾಗಿ, ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಹೊಳಪು ಎಲ್ಲಕ್ಕಿಂತ ಚೆನ್ನಾಗಿ ತಗ್ಗುತ್ತದೆ.

ಮಕ್ಕಳು ಏರೋಪ್ಲೇನ್ ಚಿಟ್ಟೆ (ಡ್ರಾಗನ್‌ಫ್ಲೈ) ಅನ್ನುತ್ತಾರಲ್ಲ, ಅವುಗಳಲ್ಲಿ ಹಲವು ಹಾರಿಹೋದರೂ ಮತ್ತೆ ಅದೇ ಕಡ್ಡಿಗೆ ಬರುತ್ತವೆ. ನೀರಿನ ಅಂಚಿಗೆ ಒಂದು ಒಣ ಕಡ್ಡಿ ನೆಟ್ಟು, ಅದಕ್ಕೆ ಫೋಕಸ್ ಮಾಡಿ ಸುಮ್ನೆ ಕಾಯಿರಿ. ಮಳೆ ಮುಗಿದ ಮೇಲೆ ಒದ್ದೆ ಮಣ್ಣಿನ ದಡಕ್ಕೆ ಗಂಡು ಚಿಟ್ಟೆಗಳು ಉಪ್ಪಿನಂಶ ಹೀರಲು ಗುಂಪಾಗಿ ಬರುತ್ತವೆ, ಆಗ ಮೊಣಕಾಲೂರಿ ಅವುಗಳ ಮಟ್ಟಕ್ಕೆ ಮೊಬೈಲ್ ಹಿಡಿಯಿರಿ. ಚಂದ ಕಾಣಲಿ ಅಂತ ದಡಕ್ಕೆ ಸಿಮೆಂಟು ಹಾಕಿಸಿದರೆ ಇದೆಲ್ಲ ಹೋಯಿತು. ಗಪ್ಪಿ ಮೀನನ್ನೂ ಬಿಡಬೇಡಿ, ನೀರಿನಲ್ಲಿರುವ ಏರೋಪ್ಲೇನ್ ಚಿಟ್ಟೆಯ ಎಳೆ ಮರಿಗಳಿಗೆ ಅದರಿಂದ ಉಳಿಗಾಲವಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಕಾರವಾರ

ಉತ್ತರ: ಬ್ಯಾಗಿನಲ್ಲಿ, ಬಟ್ಟೆ ಕಪಾಟಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ, ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಕಡಲ ಗಾಳಿಯಲ್ಲಿ ಫೋಟೋ ತೆಗೆದ ದಿನ ಕ್ಯಾಮೆರಾದ ಹೊರಮೈಯನ್ನು ತುಸು ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ ಒಳಗಿಡಿ.